ಹಾವು, ಗುರು ಮತ್ತು ಕನ್ನ: ‘ನಾಗರಹಾವು’ ಚಿತ್ರದಲ್ಲಿ ಪರಿವರ್ತನೆಯ ಪರಿಕಲ್ಪನೆ

ದಾರಿತಪ್ಪಿದವನನ್ನು ತಿದ್ದುವ ವಸ್ತು ಕನ್ನಡ ಕಥನ ಪರಂಪರೆಗೆ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ಈ ವಸ್ತುವಿನ ಪ್ರಮುಖ ಚಲನಚಿತ್ರ ರೂಪ. ಇದು ಅಪರಾಧ ಜಗತ್ತಿನ ಚಿತ್ರವಲ್ಲ. ಅಪರಾಧದ ಹೊಸ್ತಿಲಲ್ಲಿ ನಿಂತ ತರುಣನ ಚಿತ್ರ. ಭಾಲ್ಕಿಗೆ ಸಮೀಪದ ಬಸವಕಲ್ಯಾಣದ ಶರಣ ಕಥನಗಳ ಬೆಳಕಿನಲ್ಲಿ ಇದನ್ನು ಪರಿಶೀಲಿಸಿದರೆ ಪರಿವರ್ತನೆಯ ಎರಡು ಭಿನ್ನ ಮಾದರಿಗಳು ಗೋಚರಿಸುತ್ತವೆ.

ಚಿತ್ರದುರ್ಗದ ರಾಮಾಚಾರಿ (ವಿಷ್ಣುವರ್ಧನ್) ಹಠಮಾರಿ, ಮುಂಗೋಪಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಅವಮಾನಕ್ಕೆ ಪ್ರಾಂಶುಪಾಲರ ಮೇಲೆಯೇ ಸೇಡು ತೀರಿಸಿಕೊಳ್ಳುತ್ತಾನೆ. ಊರು ಅವನನ್ನು ಪುಂಡನೆನ್ನುತ್ತದೆ, ಚಾಮಯ್ಯ ಮೇಷ್ಟ್ರು (ಕೆ.ಎಸ್. ಅಶ್ವತ್ಥ್) ಮಾತ್ರ ಮಗನಂತೆ ಕಾಣುತ್ತಾರೆ. ಹಾವಿನ ರೂಪಕಕ್ಕೆ ಹಾವಾಡಿಗನ ರೂಪಕವೂ ಹೀಗೆ ಕೂಡಿಕೊಳ್ಳುತ್ತದೆ. ಆದರೆ ಹಾವಾಡಿಗನು ವಿಷವನ್ನು ಅಮೃತವಾಗಿಸುವವನಲ್ಲ, ಹೆಡೆಯನ್ನು ತಗ್ಗಿಸುವವನು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ತ್ಯಜಿಸುತ್ತಾನೆ. ಮದುವೆಯಾದ ಆಕೆಯ ಬಾಳು ವೇಶ್ಯಾವೃತ್ತಿಯಲ್ಲಿ ನಾಶವಾಗುತ್ತದೆ. ಮಾರ್ಗರೆಟ್‌ಳ ವಿಷಯದಲ್ಲೂ ಅದೇ ತ್ಯಾಗವನ್ನು ಮೇಷ್ಟ್ರು ಬಯಸುತ್ತಾರೆ. ವಿಧೇಯತೆಯನ್ನೇ ಪರಿವರ್ತನೆಯೆಂದು ಗುರು ಭ್ರಮಿಸಿದುದು ಇಲ್ಲಿಯ ದುರಂತದ ಮೂಲ.

ಹನ್ನೆರಡನೆಯ ಶತಮಾನದ ಕನ್ನದ ಮಾರಿತಂದೆಯ ಕಥನ ಇದಕ್ಕಿಂತ ಭಿನ್ನ. ಪರಂಪರೆಯ ಪ್ರಕಾರ ಆತ ಕನ್ನ ಕೊರೆಯುತ್ತಿದ್ದ ಕಳ್ಳ; ಬಳಿಕ ಶರಣನಾಗಿ ವಚನಕಾರನಾದ. ಗಮನಾರ್ಹ ಸಂಗತಿಯೆಂದರೆ, ಶರಣ ಸಮುದಾಯ ಆತನ ಪೂರ್ವವೃತ್ತಿಯನ್ನು ಅಳಿಸಲಿಲ್ಲ. ‘ಕನ್ನದ’ ಎಂಬುದು ಹೆಸರಿನಲ್ಲಿಯೇ ಉಳಿಯಿತು. ಕಳವಿನ ಪರಿಭಾಷೆ ವಚನಗಳಲ್ಲಿ ಅನುಭಾವದ ಪರಿಭಾಷೆಯಾಯಿತು. ಕಳ್ಳನ ಕೈಚಳಕಕ್ಕೆ ಕಲ್ಯಾಣ ಬೇರೊಂದು ಗುರಿಯನ್ನು ಕೊಟ್ಟಿತು. ಹಸುಗಳನ್ನು ಕದ್ದೊಯ್ದವರಿಗೆ ಬಸವಣ್ಣನವರು ಕರುಗಳನ್ನೂ ಕಳುಹಿಸಿದರೆಂಬ ಐತಿಹ್ಯದ ಹಿಂದಿರುವುದೂ ಇದೇ ವಿವೇಕ.

ರಾಮಾಚಾರಿಗೆ ಗುರು ದೊರೆತ, ಸಮುದಾಯ ದೊರೆಯಲಿಲ್ಲ. ಅವನ ರೋಷಕ್ಕೆ ದುರ್ಗದಲ್ಲಿ ಯಾವ ಕಾಯಕವೂ ಇರಲಿಲ್ಲ. ಒನಕೆಯನ್ನೇ ಆಯುಧವಾಗಿಸಿಕೊಂಡ ಓಬವ್ವನ ಕಥೆಯನ್ನು ಹಾಡಿನಲ್ಲಿ ಮೆರೆಸಿದ ಚಿತ್ರದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಕೊನೆಯಲ್ಲಿ ಶಿಷ್ಯನ ಕೈ ತಗುಲಿ ಗುರು ಬೆಟ್ಟದಿಂದ ಉರುಳುತ್ತಾರೆ. ಪ್ರೇಮಿಗಳಿಬ್ಬರೂ ಅದೇ ಹಾದಿ ಹಿಡಿಯುತ್ತಾರೆ. ಗುರುಭಕ್ತಿಯ ಚಿತ್ರವೆಂದೇ ಜನಮನದಲ್ಲಿ ನೆಲೆಸಿದ ‘ನಾಗರಹಾವು’ ವಾಸ್ತವವಾಗಿ ಆ ಭಕ್ತಿಯ ಮಿತಿಯನ್ನು ತೋರಿದ ಕೃತಿ. ಅದರ ನಿಜವಾದ ಹಿರಿಮೆಯೂ ಇಲ್ಲಿಯೇ ಇದೆ.