ಟೇಲರನ ಆತ್ಮಚರಿತ್ರೆಯಲ್ಲಿ ಸುರಪುರದ ಸುಧಾರಣೆ

ಫಿಲಿಪ್ ಮೆಡೋಸ್ ಟೇಲರನ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಆತ್ಮಚರಿತ್ರೆಯು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಪ್ರಕಟವಾಯಿತು. ಅದರ ಬಹುಭಾಗವು ಸುರಪುರ ಸಂಸ್ಥಾನದ ಕಥೆಯು. ಕೃಷ್ಣೆಯ ಈಚೆಯ ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ವಾಚಕರಿಗೆ ಅದು ನೆರೆಮನೆಯ ಕಥೆಯೇ ಸರಿ.

ಟೇಲರನು ಸುರಪುರದ ಆಡಳಿತವನ್ನು ವಹಿಸಿಕೊಂಡಾಗ ರಾಜನಾದ ವೆಂಕಟಪ್ಪ ನಾಯಕನು ಇನ್ನೂ ಬಾಲಕನು; ಬೊಕ್ಕಸದಲ್ಲಿ ಹಣವಿಲ್ಲ, ನಿಜಾಮ ಸರಕಾರಕ್ಕೆ ಸಲ್ಲಬೇಕಾದ ಬಾಕಿ ಬಹಳ. ಮುಚ್ಚಿಟ್ಟ ಲೆಕ್ಕಗಳನ್ನು ಹೊರಗೆಳೆದುದು, ಬೇಡ ನಾಯಕರೊಡನೆ ಮಾತುಕತೆ ನಡೆಸಿದುದು, ಬೋನಾಳದ ಕೆರೆ, ರಸ್ತೆ, ಕಂದಾಯದ ಏರ್ಪಾಡು—ಇವುಗಳನ್ನು ಹೇಳುವಾಗ ಗ್ರಂಥಕರ್ತನ ಲೇಖನಿಯು ಬಹು ಸೊಗಸಾಗಿ ಓಡುವದು. ಅವನ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಜನರು ‘ಮಹದೇವ ಬಾಬಾ’ ಎಂದು ಕರೆದುದೂ ಸುಮ್ಮನಲ್ಲ.

ಆದರೆ ಈ ಗ್ರಂಥದಲ್ಲಿ ಸುಧಾರಣೆಯೆಂಬುದು ಒಬ್ಬ ಸಜ್ಜನನ ಗುಣವಾಗಿಯೇ ಉಳಿಯುವದು. ರಾಣಿ ಈಶ್ವರಮ್ಮನ ಚಿತ್ರವು ಕಠೋರವಾದುದು. ಅವಳ ಪಕ್ಷದ ಮಾತೂ ಎದುರಾಳಿಯಾದ ಗ್ರಂಥಕರ್ತನ ಬಾಯಿಂದಲೇ ಬರುವದು. ಇಂಥ ಸಾಕ್ಷ್ಯವನ್ನು ಯಾವ ಚಾವಡಿಯಲ್ಲಿಯೂ ಪೂರ್ತಿಯಾಗಿ ಒಪ್ಪಲಾರರು! 1853ರಲ್ಲಿ ರಾಜ್ಯವು ಪ್ರಾಪ್ತವಯಸ್ಕನಾದ ರಾಜನ ಕೈಸೇರಿತು. 1858ರ ಫೆಬ್ರುವರಿಯಲ್ಲಿ ಲಿಂಗಸುಗೂರಿನ ದಂಡು ಸುರಪುರದ ಮೇಲೆ ನಡೆಯಿತು. ಅದೇ ವರ್ಷ ರಾಜನು ಗುಂಡಿಗೆ ಬಲಿಯಾದನು. ಐದು ವರ್ಷಗಳಲ್ಲಿ ಎಲ್ಲವೂ ಕುಸಿದುದಕ್ಕೆ ಟೇಲರನು ತರುಣನ ದೌರ್ಬಲ್ಯವನ್ನೂ ಅವನ ಸಂಗಡಿಗರನ್ನೂ ಬಹಳವಾಗಿ ದೂರುವನು. ಒಬ್ಬನು ಹೋದೊಡನೆ ಕಳಚಿಬೀಳುವ ಏರ್ಪಾಡಿನಲ್ಲಿಯೇ ಲೋಪವಿದ್ದಿತೇ ಎಂಬ ಪ್ರಶ್ನೆಯು ಅವನನ್ನು ಅಷ್ಟಾಗಿ ಕಾಡಿದಂತೆ ತೋರುವದಿಲ್ಲ.

ಅದೇ 1853ರಲ್ಲಿ ಹೈದರಾಬಾದಿನ ದಿವಾನನಾದ ಸಾಲಾರ್ ಜಂಗನ ಮಾರ್ಗವು ಬೇರೆ. ಕಂದಾಯದ ವಸೂಲಿಯನ್ನು ಗುತ್ತಿಗೆ ಹಿಡಿದು ರಯತರನ್ನು ಹಿಂಡುತ್ತಿದ್ದವರನ್ನು ಅವನು ಕ್ರಮವಾಗಿ ತೆಗೆದು, ಸಂಬಳದ ಅಧಿಕಾರಿಗಳನ್ನಿಟ್ಟು, 1865ರಲ್ಲಿ ಜಿಲ್ಲಾಬಂದಿಯನ್ನು ತಂದನು. ಅದರಿಂದ ಲಂಚವು ಅಳಿಯಲಿಲ್ಲವೆಂಬುದನ್ನು ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಆದರೆ 1883ರಲ್ಲಿ ಅವನು ತೀರಿಕೊಂಡ ಮೇಲೆಯೂ ಆ ಕಟ್ಟು ನಿಂತಿತು. ಅಮೇರಿಕದಲ್ಲಿಯೂ ಆ ವರ್ಷವೇ, ಪಕ್ಷದವರಿಗೆ ಸರಕಾರಿ ಹುದ್ದೆಗಳನ್ನು ಹಂಚುವ ಪದ್ಧತಿಗೆ ಕಡಿವಾಣ ಹಾಕಲು ಪೆಂಡಲ್ಟನ್ ಕಾಯಿದೆಯಾಯಿತು.

ಅಲ್ಲಿಯ ಪತ್ರಕರ್ತನಾದ ಲಿಂಕನ್ ಸ್ಟೆಫೆನ್ಸನು 1904ರಲ್ಲಿ ‘ದಿ ಶೇಮ್ ಆಫ್ ದಿ ಸಿಟೀಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಸೇಂಟ್ ಲೂಯಿ, ಫಿಲಡೆಲ್ಫಿಯ ಮೊದಲಾದ ನಗರಗಳ ಲಂಚಗುಳಿತನವನ್ನು ಬಯಲಿಗೆಳೆದ ಅವನು ದೋಷವನ್ನು ಮುಖಂಡರ ಮೇಲೆಯೇ ಹೊರಿಸದೆ, ಲಾಭಕ್ಕಾಗಿ ಲಂಚ ಕೊಡುವ ವ್ಯಾಪಾರಸ್ಥನನ್ನೂ ಸುಮ್ಮನಿರುವ ನಾಗರಿಕನನ್ನೂ ಹಿಡಿದು ಕೇಳಿದನು. ಅವನ ವಾಚಕನೇ ಅವನ ಅಪರಾಧಿಯು. ಟೇಲರನ ವಾಚಕನಾದರೋ ಇಂಗ್ಲಂಡಿನಲ್ಲಿ ಕುಳಿತು ದೂರದ ನಾಡಿಗಾಗಿ ಮರುಗುವವನು.

ಮಸ್ಕಿಯ ಬಂಡೆಯ ಅಶೋಕಶಾಸನವು 1915ರಲ್ಲಿ ಬೆಳಕಿಗೆ ಬಂದುದರಿಂದ ಟೇಲರನು ಅದನ್ನು ಅರಿಯನು. ಹಿರಿಯರಿಗೂ ಕಿರಿಯರಿಗೂ ತನ್ನ ಮಾತನ್ನು ತಿಳಿಸಬೇಕೆಂದು ಅಲ್ಲಿ ಅರಸನು ಹೇಳುವನು. ಟೇಲರನು ಸುರಪುರದಿಂದ ಹೊರಟಾಗ ಜನರು ಅತ್ತುದನ್ನು ಮನಮುಟ್ಟುವಂತೆ ವರ್ಣಿಸಿರುವನು. ಆ ಅತ್ತವರು ಓದಬಲ್ಲ ಭಾಷೆಯಲ್ಲಿ ಅವನು ಬರೆಯಲಿಲ್ಲ.