ಕಲ್ಯಾಣಕಾರಕದ ಹಿತಾಹಿತವೂ ಇಂದಿನ ಕ್ಯಾಪ್ಸೂಲೂ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಅದರ ಕೊನೆಯ ಹಿತಾಹಿತಾಧ್ಯಾಯವೊಂದೇ ಪ್ರಸ್ತಾಪವಾಗುತ್ತದೆ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ, ವೈದ್ಯರ ಎದುರು, ಮಾಂಸವು ಔಷಧವಾಗದೆಂದು ಆಚಾರ್ಯರು ವಾದಿಸಿದುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ವಾದವನ್ನು ಮೆಚ್ಚುವ ನಾವು, ಅದಕ್ಕೆ ಆಧಾರವಾದ ಚಿಕಿತ್ಸಾಧ್ಯಾಯಗಳನ್ನು ಮರೆತಿದ್ದೇವೆ. ಕೃಶರಾದ ರೋಗಿಗಳಿಗೆ ಚರಕ-ಸುಶ್ರುತರು ಮಾಂಸರಸವನ್ನು ವಿಧಿಸುತ್ತಾರೆ. ಅದನ್ನು ತೊರೆದ ಆಚಾರ್ಯರು ರೋಗಿಯನ್ನು ತೊರೆಯಲಿಲ್ಲ. ಬೇರೆ ದ್ರವ್ಯಗಳಿಂದ ಸಮಗ್ರ ಚಿಕಿತ್ಸಾಶಾಸ್ತ್ರವನ್ನೇ ಕಟ್ಟಿಕೊಟ್ಟರು. ಪೂಜ್ಯಪಾದರ ಕಲ್ಯಾಣಕಾರಕವನ್ನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದನು.

ಇಂದು ರಾಜಾಜಿನಗರ, ವಿಜಯನಗರಗಳ ಶ್ರಾವಕರ ಮನೆಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತಿದೆ. ದೇಹದ ರಕ್ಷಣಾಶಕ್ತಿ ದೇಹವನ್ನೇ ಪೀಡಿಸುವ ರುಮಟಾಯ್ಡ್ ಸಂಧಿವಾತದಂಥ ರೋಗಗಳಿಗೆ ವರ್ಷಗಟ್ಟಲೆ ಮದ್ದು ಬೇಕು. ಕ್ಯಾಪ್ಸೂಲಿನ ಜಿಲೆಟಿನ್ ದನ, ಹಂದಿಗಳ ಚರ್ಮ-ಮೂಳೆಗಳಿಂದ ಆದದ್ದೆಂದು ತಿಳಿದೊಡನೆ ಕೆಲವರು ಮದ್ದನ್ನೇ ಬಿಟ್ಟುಬಿಡುತ್ತಾರೆ. ದೀರ್ಘಕಾಲ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವುಂಟು. ಇದು ಆಚಾರ್ಯರ ಮಾರ್ಗವಲ್ಲ.

ಆಚಾರ್ಯರ ಮಾರ್ಗಕ್ಕೆ ಹತ್ತಿರವಾದುದು, ಒಬ್ಬ ರೋಗಿಗೆಂದೇ ಮದ್ದನ್ನು ಕೂಡಿಸಿಕೊಡುವ ಕ್ರಮ. ವೈದ್ಯರ ಚೀಟಿಯಂತೆ ಅದೇ ಔಷಧವನ್ನು ಸಸ್ಯಮೂಲದ ಸೆಲ್ಯುಲೋಸ್ ಕವಚದಲ್ಲಿಯೋ ದ್ರವರೂಪದಲ್ಲಿಯೋ ಸಿದ್ಧಪಡಿಸಬಹುದು. ಹಿಂದೆ ಕಾಂಪೌಂಡರರು ಸೀಸೆಗೆ ಅಳತೆಯ ಕಾಗದದ ಪಟ್ಟಿ ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಈ ಕೆಲಸವನ್ನು 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ನೋಂದಾಯಿತ ಫಾರ್ಮಸಿಸ್ಟರಿಗೆ ಮೀಸಲಿಟ್ಟಿದೆ. ಅದು ಸಲ್ಲತಕ್ಕದ್ದೇ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟನ್ನು ದಿನವೂ ನುಂಗಿದರೆ ಸಾವೇ ಬಂದೀತು. ತೂಕದಲ್ಲಿ ಅಂಥ ಪ್ರಮಾದವಾದರೆ ಕವಚದ ಶುದ್ಧಿಯಿಂದೇನು? 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕೂಡಿಸಿದ ಸ್ಟೀರಾಯ್ಡ್ ಚುಚ್ಚುಮದ್ದಿಗೆ ಬೂಷ್ಟು ಸೇರಿ 60ಕ್ಕೂ ಹೆಚ್ಚು ಮಂದಿ ಮಡಿದರು. ಸರಕಿನ ಮೂಲವನ್ನು ವಿಚಾರಿಸುವುದು ನಮ್ಮಂಥ ವರ್ತಕರಿಗೆ ಸಹಜ, ತಯಾರಿಕೆಯನ್ನೂ ವಿಚಾರಿಸಬೇಕು.

ಗ್ರಂಥದ ಮಿತಿಯನ್ನೂ ಹೇಳಬೇಕು. ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಚುಚ್ಚುಮದ್ದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ 1950ರ ದಶಕದಲ್ಲಿ ಪಡೆದು, ಇಂದಿಗೂ ತೊಟ್ಟಿಗಳಲ್ಲಿ ವೃದ್ಧಿಸುತ್ತಿರುವ ಕೋಶಗಳಿಂದ ಆಗುತ್ತದೆ. ಪ್ರತಿ ಸಲವೂ ಹೊಸ ವಧೆಯಿಲ್ಲ, ಪ್ರಾಣಿಮೂಲವಲ್ಲವೆನ್ನಲೂ ಆಗದು. ಇಲ್ಲಿ ಕವಚ ಬದಲಿಸುವ ಉಪಾಯ ಸಲ್ಲದು. ಮಾಂಸವನ್ನು ಕುರಿತ ವಾದವನ್ನೇ ಇದಕ್ಕೂ ತೀರ್ಪೆಂದು ಉದ್ಧರಿಸುವವರು ಗ್ರಂಥದಲ್ಲಿಲ್ಲದ್ದನ್ನು ಓದುತ್ತಿದ್ದಾರೆ.

ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಇಡೀ ಗ್ರಂಥವನ್ನು ಹೊರತಂದರು. ಬಸದಿಯ ಟ್ರಸ್ಟುಗಳು ಸ್ವಾಧ್ಯಾಯಕ್ಕೆ ಹಿತಾಹಿತವನ್ನು ಆರಿಸುವಾಗ ಚಿಕಿತ್ಸಾಧ್ಯಾಯಗಳನ್ನೂ ಸೇರಿಸಲಿ. ಅಂದು ಒಬ್ಬ ವೈದ್ಯರನ್ನೂ ಫಾರ್ಮಸಿಸ್ಟರನ್ನೂ ಸಭೆಗೆ ಕರೆಯಲಿ.