ಎಣ್ಣೆಯ ಬಲವೋ ರೋಪಿನ ಬಲವೋ

ಎರಡು ಮೂರು ಅಂತಸ್ತುಗಳ ಕಾರ್ಖಾನೆಗೆ ಗೂಡ್ಸ್ ಲಿಫ್ಟನ್ನು ಕೊಳ್ಳಹೊರಟ ಯಜಮಾನನು ಹೈಡ್ರಾಲಿಕ್ ಯಂತ್ರವೋ ರೋಪಿನ ಯಂತ್ರವೋ ಎಂಬುದನ್ನು ಬೆಲೆಯ ಪಟ್ಟಿಯಿಂದಲೂ ವೇಗದ ಅಂಕಿಗಳಿಂದಲೂ ನಿರ್ಣಯಿಸುವುದುಂಟು. ಆದರೆ 10 ಮೀಟರಿನಷ್ಟು ಆರೋಹಣದಲ್ಲಿ ವೇಗದಿಂದ ಉಳಿಯುವ ಕಾಲವು ಬಾಗಿಲು ತೆರೆದು ಸರಕನ್ನು ಒಳಸೇರಿಸುವ ಕಾಲದ ಮುಂದೆ ನಗಣ್ಯವಾದುದರಿಂದ, ಇಂತಹ ಯಂತ್ರದ ಯೋಗ್ಯತೆಯನ್ನು ಅದು ಬಾಗಿಲು ತೆರೆದು ನಿಂತಿರುವಾಗಲೇ ಪರೀಕ್ಷಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ.

2 ಟನ್ ಎತ್ತಬಲ್ಲ ಫೋರ್ಕ್‌ಲಿಫ್ಟಿನ ಸ್ವಂತ ತೂಕವೇ ಸಾಮಾನ್ಯವಾಗಿ 3 ಟನ್ನನ್ನು ಮೀರುತ್ತದೆ. ಅದು ತುಂಬಿದ ಪ್ಯಾಲೆಟ್ಟನ್ನು ಹೊತ್ತು ಹೊಸ್ತಿಲನ್ನು ದಾಟುವ ಕ್ಷಣದಲ್ಲಿ 5 ಟನ್ನಿಗೂ ಮಿಗಿಲಾದ ಭಾರದ ಬಹುಭಾಗವು ಮುಂದಿನ ಗಾಲಿಗಳ ಮೂಲಕ ಲಿಫ್ಟಿನ ನೆಲದಂಚಿನ ಮೇಲೆ ಎರಗುವುದರಿಂದ, ಸರಕಿನ ತೂಕವೊಂದನ್ನೇ ಲೆಕ್ಕ ಹಿಡಿದು ‘2 ಟನ್ ಸಾಕು’ ಎಂದು ಆರ್ಡರು ಕೊಟ್ಟವನು ಯಾವ ಬಗೆಯನ್ನು ಆರಿಸಿದರೂ ಕೆಟ್ಟಂತೆಯೇ. ಈ ಆಘಾತವನ್ನು ಒಂದರಲ್ಲಿ ಉಕ್ಕಿನ ರೋಪುಗಳೂ ಬ್ರೇಕೂ, ಯಂತ್ರವು ಮೇಲಿದ್ದರೆ ಅದನ್ನು ಹೊತ್ತ ತೊಲೆಗಳೂ ತಾಳಬೇಕು; ಇನ್ನೊಂದರಲ್ಲಿ ಅದು ಸಿಲಿಂಡರಿನ ಎಣ್ಣೆಯ ಮೂಲಕ ನೇರವಾಗಿ ಭೂಮಿಗಿಳಿಯುತ್ತದೆ. ತಗಡಿನ ಮಾಡಿನ ಹಗುರ ಕಟ್ಟಡಕ್ಕೆ ಇದು ಅಲ್ಪವಾದ ಉಪಕಾರವಲ್ಲ.

ಆದರೆ ಹೈಡ್ರಾಲಿಕ್ಕಿನ ದೋಷವು ಅದರ ತತ್ತ್ವದಲ್ಲಿಯೇ ಅಡಗಿದೆ. ರೋಪಿನ ಲಿಫ್ಟಿನಲ್ಲಿ ಪೆಟ್ಟಿಗೆಯ ಪೂರ್ಣ ತೂಕಕ್ಕೂ ಗರಿಷ್ಠ ಸರಕಿನ ಸುಮಾರು ಅರ್ಧಕ್ಕೂ ಸಮನಾದ ಕೌಂಟರ್‌ವೇಟು ಎದುರು ತೂಗುವುದರಿಂದ ಮೋಟಾರಿನ ಪಾಲಿಗೆ ಉಳಿಯುವುದು ಮಿಕ್ಕ ವ್ಯತ್ಯಾಸ ಮಾತ್ರ. ಹೈಡ್ರಾಲಿಕ್ಕಿನ ಪಂಪಾದರೋ ಸಾಮಾನ್ಯವಾಗಿ ಎಲ್ಲವನ್ನೂ ತಾನೇ ಎತ್ತುತ್ತದೆ, ಹಾಗೆ ಗಳಿಸಿದ ಶಕ್ತಿಯು ಇಳಿಯುವಾಗ ವಾಲ್ವಿನಲ್ಲಿ ನುಸುಳುವ ಎಣ್ಣೆಯ ಬಿಸಿಯಾಗಿ ವ್ಯಯವಾಗುತ್ತದೆ. ಲಂಡನ್ನಿನ ಬೀದಿಗಳಡಿಯ ಕೊಳವೆಗಳಲ್ಲಿ ಒತ್ತಡದ ನೀರನ್ನು ಹರಿಸಿ ಉಗ್ರಾಣಗಳ ಲಿಫ್ಟುಗಳನ್ನು ನಡೆಸುತ್ತಿದ್ದ ಸಂಸ್ಥೆಯೊಂದು 1977ರವರೆಗೂ ಬದುಕಿತ್ತು. ಅಲ್ಲಿ ದುಡಿದ ನೀರು ಹೊರಗೆ ಹೋಗುತ್ತಿದ್ದುದರಿಂದ ತಾಪದ ಚಿಂತೆಯಿರಲಿಲ್ಲ. ಇಂದಿನ ಯಂತ್ರವು ಅದೇ ಎಣ್ಣೆಯನ್ನು ಮರಳಿ ಮರಳಿ ದುಡಿಸುವುದರಿಂದ, ಪಾಳಿಯುದ್ದಕ್ಕೂ ಬಿಡುವಿಲ್ಲದೆ ಓಡಿಸಿದಲ್ಲಿ ಎಣ್ಣೆ ಕಾದು ತೆಳುವಾಗಿ, ಲಿಫ್ಟು ಮಟ್ಟ ತಪ್ಪಿ ನಿಲ್ಲತೊಡಗುತ್ತದೆ. ಕೂಲರಿನ ಖರ್ಚು ಆಮೇಲೆ ಬರುತ್ತದೆ. ಹೂತಿಟ್ಟ ಸಿಲಿಂಡರು ತುಕ್ಕು ಹಿಡಿದು ಸೋರಿದರಂತೂ ಟ್ಯಾಂಕು ಬರಿದಾಗುವವರೆಗೆ ಯಾರಿಗೂ ತಿಳಿಯದೆ ಹೋದೀತು.

ಆದಕಾರಣ ಭಾರ ಹೆಚ್ಚಾಗಿ, ಓಡಾಟ ವಿರಳವಾಗಿ ಇರುವಲ್ಲಿ ಹೈಡ್ರಾಲಿಕ್ಕನ್ನೇ ಆರಿಸುವುದು ಯುಕ್ತ. ಹಗಲಿರುಳು ಪಾಳಿಗಳಲ್ಲಿ ಸರಕು ಹತ್ತಿಳಿಯುವ ಕಾರ್ಖಾನೆಗೆ, ಪ್ರತ್ಯೇಕ ಉಕ್ಕಿನ ಚೌಕಟ್ಟನ್ನು ಕಟ್ಟಿಸುವ ವೆಚ್ಚವನ್ನು ಸೇರಿಸಿ ಎಣಿಸಿದರೂ, ರೋಪಿನ ಲಿಫ್ಟೇ ಮೇಲು.